ಮಾಘ ಬಹುಳ ಪಂಚಮಿ

ಜನವರಿ 1, 2007, ಸೋಮವಾರ

ನಾನು ಲೀಲಾವತಿ. ತುಮಕೂರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ ದೆಹಲಿಗೆ ಬಂದವಳು. ಕೃಷಿ ಭವನದಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದ ದಕ್ಷಿಣಾಮೂರ್ತಿಯವರ ಹೆಂಡತಿ, ದ್ವಾರಕಾದ ಈ ಮೂರನೇ ಮಹಡಿಯ ಫ್ಲ್ಯಾಟಿನ ಯಜಮಾನಿ. ಬಾಗಿಲ ಮೇಲಿರುವುದು ಇವರ ಹೆಸರು. ಆದರೆ ಗೇಟಿನ ಚೌಕೀದಾರನಿಂದ ಹಿಡಿದು ಸೊಸೈಟಿಯ ಸೆಕ್ರೆಟರಿಯವರೆಗೆ ಯಾರಿಗೆ ಏನು ಬೇಕಾದರೂ ಕೇಳುವುದು, "ಆಂಟೀಜಿ ಏನಂತಾರೆ?"

ಈ ಡೈರಿಯನ್ನು ಮಗ ಮನೋಜ ತನ್ನ ಆಫೀಸಿನಿಂದ ತಂದುಕೊಟ್ಟ. ಮೊದಲ ಪುಟದಲ್ಲಿ ಹೆಸರು, ವಿಳಾಸ, ರಕ್ತದ ಗುಂಪು ಕೇಳಿದ್ದಾರೆ. ಯೋಗ್ಯತೆ ಕೇಳಿಲ್ಲ. ಹಾಗಾಗಿ ನಾನೇ ಬರೆದೆ.

ಕಳೆದ ವಾರ ಬಾಲ್ಕನಿಯಲ್ಲಿ ಮಂಜಿನಿಂದ ಒದ್ದೆಯಾಗಿದ್ದ ನೆಲದ ಮೇಲೆ ಜಾರಿ ಎಡ ಮುಂಗೈ ಮುರಿದುಕೊಂಡೆ. ಪ್ಲಾಸ್ಟರ್ ಹಾಕಿದ್ದಾರೆ. ಮನೆಯನ್ನು ಸೊಸೆ ಸ್ಫೂರ್ತಿಗೆ ವಹಿಸಿದ್ದೇನೆ. ಅವಳು ಇಂಜಿನಿಯರು. ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮಾಲು ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ಈಗ ಆ ಇಡೀ ವಿಭಾಗಕ್ಕೆ ಮುಖ್ಯಸ್ಥೆಯಾಗುವ ಅವಕಾಶ ಬಂದಿದೆಯಂತೆ. ಪುಣೆಯಿಂದ ದೊಡ್ಡ ಅಧಿಕಾರಿಯೊಬ್ಬರು ಎಂಟನೇ ತಾರೀಖು ಬಂದು ಇವಳನ್ನೂ ಇನ್ನೊಬ್ಬನನ್ನೂ ಮಾತಾಡಿಸಿ ನೋಡುತ್ತಾರೆ.

"ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ ಅತ್ತೆ," ಎಂದಳು. ಹೇಳುವಾಗ ಕಾವಲಿಯ ಮೇಲಿದ್ದ ಚಪಾತಿ ಸುಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ.

ಇರುವ ಕೆಲಸವೇ ಸಾಲದೇ ಎಂಬುದು ನನ್ನ ಅಭಿಪ್ರಾಯ. ಹೇಳಲಿಲ್ಲ.

ಜನವರಿ 3, ಬುಧವಾರ

ಕೆಲಸದವಳು ಬಂದಿಲ್ಲ. ಗ್ಯಾಸ್ ಸಿಲಿಂಡರ್ ಬಂದಿಲ್ಲ. ಇವೆರಡನ್ನೂ ಸ್ಫೂರ್ತಿ ಮಾನೇಸರಿನಲ್ಲಿ ಕುಳಿತೇ ಫೋನಿನಲ್ಲಿ ವಿಚಾರಿಸಿದಳು. ನಾನು ಮಲಗಿದಲ್ಲಿಂದಲೇ ಅವಳಿಗೆ ಜ್ಞಾಪಿಸುತ್ತಿದ್ದೇನೆ. ಕೈ ಮುರಿದರೇನು, ತಲೆ ನೆಟ್ಟಗಿದೆ.

ಮನೋಜ ಒಳ್ಳೆಯ ಹುಡುಗ. ಹೇಳಿದ್ದನ್ನು ಮಾಡುತ್ತಾನೆ. ಇವತ್ತು ಗುಡಗಾಂವಿನಿಂದ ಬೇಗ ಬಂದಿದ್ದ, ಮೊಸರು ತಾ ಎಂದು ಕಳಿಸಿದೆ. ಸಂಜೆ ಸ್ಫೂರ್ತಿ ಬಂದು ನಗುತ್ತಾ ಹೇಳಿದಳು, ಅವಳು ಕ್ಯಾಬಿನಲ್ಲಿ ಬರುವಾಗ ಇವನಿಂದ ಫೋನಿನ ಮೇಲೆ ಫೋನು. "ಡಬ್ಬಿ ಮೊಸರಾ, ಪ್ಯಾಕೆಟ್ಟಾ?" "ಚಿಕ್ಕದಾ, ದೊಡ್ಡದಾ?" "ಕರಿಬೇವು ಫ್ರೆಶ್ ಆಗಿದೆ, ತರ್ಲಾ?" ಅಂಗಡಿ ಇರುವುದು ನಮ್ಮ ಮನೆಯ ಕೆಳಗೆ. ಮೇಲೆ ನೋಡಿ ಕೂಗಿದ್ದರೆ ನನಗೇ ಕೇಳಿಸುತ್ತಿತ್ತು.

"ನಿಮ್ಮ ಮಗ ಹೆಲ್ಪ್ ಮಾಡಿದ್ರೆ ನಂಗೆ ಫೋನ್ ಬಿಲ್ ಜಾಸ್ತಿ ಅತ್ತೆ."

"ಕೇಳಿ ಮಾಡೋ ಗಂಡ ಸಿಗೋದು ಪುಣ್ಯ ಕಣೆ. ನಿಮ್ಮ ಮಾವ ಕೇಳ್ತಾನೂ ಇರ್ಲಿಲ್ಲ," ಎಂದೆ.

ಪಕ್ಕದಲ್ಲೇ ಪೇಪರ್ ಓದುತ್ತಿದ್ದ ಇವರು, "ನನಗೆ ಫೈಲ್ ಪುಟಪ್ ಆದ್ರೆ ತಾನೇ ಸಹಿ ಹಾಕೋದು," ಎಂದರು. ಫೈಲು ಮೇಜಿನ ಮೇಲೆ ಬಾರದೆ ಇವರು ಯಾವ ಕೆಲಸವನ್ನೂ ಮಾಡಿದವರಲ್ಲ. ಆದರೆ ಕೃಷಿ ಭವನದಲ್ಲಿ ಇವರಿಗೆ ರಿಮೈಂಡರ್ ಸಾಹೇಬ್ ಎಂದೇ ಹೆಸರಿತ್ತು. ಯಾವ ರಾಜ್ಯ ಯಾವ ಪತ್ರಕ್ಕೆ ಉತ್ತರ ಕೊಟ್ಟಿಲ್ಲ ಎಂಬುದೆಲ್ಲ ಬಾಯಿಪಾಠ.

ಜನವರಿ 4, ಗುರುವಾರ

ನನ್ನ ಅತ್ತೆಯವರ ತಿಥಿ ಹತ್ತಿರ ಬಂದಿರಬೇಕು ಎನಿಸಿತು. ಮಾಘ ಬಹುಳ ಪಂಚಮಿ. ನಮ್ಮೂರಿನ ಪಂಚಾಂಗ ದೇವರ ಮನೆಯ ಮೇಲಿನ ಅಟ್ಟದಲ್ಲಿದೆ. ಸ್ಟೂಲು ಹತ್ತುವಂತಿಲ್ಲ, ಇಳಿಸಿಕೊಡಿ ಎಂದು ಇನ್ನೊಬ್ಬರಿಗೆ ಹೇಳಲು ಮನಸ್ಸಿಲ್ಲ. ಅಡುಗೆಮನೆಯಲ್ಲಿ ಕಿರಾಣಿ ಅಂಗಡಿಯವನು ಕೊಟ್ಟ ಹಿಂದಿ ಕ್ಯಾಲೆಂಡರ್ ತೂಗುತ್ತಿತ್ತು. ಮೊಮ್ಮಗಳು ಹರ್ಷಿಣಿಗೆ, "ಮಾಘ ಕೃಷ್ಣ ಪಂಚಮಿ ಯಾವತ್ತು ನೋಡಮ್ಮ," ಎಂದೆ. ಎರಡನೇ ಕ್ಲಾಸಾದರೂ ಹಿಂದಿ ಚೆನ್ನಾಗಿ ಓದುತ್ತಾಳೆ.

"ಮಿಲ್ ಗಯಾ ಅಜ್ಜಿ. ಮಂಡೇ ಹೈ. ಎಂಟು."

ಈ ಸಲ ಬೇಗ ಬಂದಿದೆ. ಅಧಿಕ ಮಾಸದ ಮುಂಚೆ ಹಾಗಾಗುವುದುಂಟು.

ಎಂಟು ಎಂದ ಕೂಡಲೇ ಸ್ಫೂರ್ತಿ ಸಾರಿನ ಪಾತ್ರೆ ಇಳಿಸಿ ನಿಂತಳು. ಏನಾದರೂ ಹೇಳುತ್ತಾಳೇನೋ ಎಂದು ನೋಡಿದೆ. "ರಜ ಹಾಕ್ತೀನಿ ಅತ್ತೆ. ನೀವು ಹಿಂಗಿರುವಾಗ ಮಡಿಯಲ್ಲಿ ಯಾರು ಮಾಡ್ತಾರೆ," ಎಂದಳು. ನಾನು ಕೇಳಲಿಲ್ಲ, ಅವಳೇ ಹೇಳಿದಳು. ಪುಣೆಯ ಅಧಿಕಾರಿಗೆ ಏನು ಹೇಳುತ್ತಾಳೋ ಅದು ಅವಳಿಗೆ ಬಿಟ್ಟದ್ದು. ಸೊಸೆ ಎಂದರೆ ಹೀಗಿರಬೇಕು.

ಮನೋಜನಿಗೆ ಭಟ್ಟರಿಗೆ ಫೋನ್ ಮಾಡು ಎಂದೆ. "ಮಾಡ್ತೀನಮ್ಮ," ಎಂದ. ಇವರಿಗೆ ತಿಳಿಸಿದೆ. "ಸರಿ," ಎಂದು ಪೇಪರಿನ ಪುಟ ತಿರುಗಿಸಿದರು.

ಜನವರಿ 8, ಸೋಮವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತಿದ್ದೇನೆ.

ಸ್ಫೂರ್ತಿ ನಾಲ್ಕು ಗಂಟೆಗೇ ಎದ್ದು, ಆ ಚಳಿಯಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತಳು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದನ್ನೇ ಹೇಳುತ್ತಾ ಹೋದೆ. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಮಜ್ಜಿಗೆಹುಳಿ, ವಡೆ, ಪಾಯಸ. ಒಂದಕ್ಕೂ ಕೊಂಕು ತೆಗೆಯುವಂತಿರಲಿಲ್ಲ. ಇವರು ನಿನ್ನೆ ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಸ್ನಾನ ಮಾಡಿ, ಪಂಚೆಯುಟ್ಟು ನಡುಗುತ್ತಾ ಕುಳಿತಿದ್ದರು.

ಭಟ್ಟರು ಬರಲಿಲ್ಲ. ಹನ್ನೊಂದಾಯಿತು. ಇವರೇ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸಿತು.

"ಇವತ್ತಾ? ಇದು ಪುಷ್ಯ ಮಾಸ ಅಲ್ವೇ ಸ್ವಾಮಿ. ಇಲ್ಲಿಯವರು ಹುಣ್ಣಿಮೆ ಕಳೆದ ಮರುದಿನವೇ ಹೊಸ ತಿಂಗಳು ಹಿಡೀತಾರೆ, ಅವರ ಲೆಕ್ಕಕ್ಕೆ ಈಗ ಮಾಘ. ನಮಗೆ ಅಮಾವಾಸ್ಯೆ ಕಳೀಬೇಕು. ನಿಮ್ಮ ತಾಯಿಯವರ ತಿಥಿ ಮುಂದಿನ ತಿಂಗಳು."

ಮನೋಜ ಅವರಿಗೆ ಫೋನೇ ಮಾಡಿರಲಿಲ್ಲ. ಮಾಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಆಫೀಸಿಗೆ ಫೋನ್ ಮಾಡಿ ಕೇಳಿದರೆ, "ಯಾರಾದ್ರೂ ಜ್ಞಾಪಿಸಿದ್ರೆ ಮಾಡ್ತಿದ್ದೆ ಅಮ್ಮ," ಎಂದ.

ಇಷ್ಟು ವರ್ಷ ದೆಹಲಿಯಲ್ಲಿದ್ದೇನೆ. ಇಲ್ಲಿಯ ಲೆಕ್ಕ ಬೇರೆ, ನಮ್ಮದು ಬೇರೆ ಎಂದು ಎಷ್ಟು ಹೆಂಗಸರಿಗೆ ನಾನೇ ಹೇಳಿಕೊಟ್ಟಿದ್ದೇನೆ. ನೋವಿನ ಮಾತ್ರೆಯ ಮಂಪರಿತ್ತು ಎಂದು ಬರೆಯಬಹುದು. ಬರೆದಿದ್ದೇನೆ.

ಕೊನೆಗೆ ಇವರು ಪಂಚೆಯ ಚುಂಗು ಸರಿಮಾಡಿಕೊಂಡು, "ಅಮ್ಮ ಯಾವತ್ತೂ ಸ್ಟೇಷನ್ನಿಗೆ ಎರಡು ಗಂಟೆ ಮುಂಚೆ ಹೋಗಿ ಕೂರ್ತಿದ್ದಳು. ಈ ಸಲ ಒಂದು ತಿಂಗಳು ಮುಂಚೆ ಬಂದಿದ್ದಾಳೆ. ವಡೆ ಹಾಕಮ್ಮ ಸ್ಫೂರ್ತಿ," ಎಂದರು. ಅವಳು ನಕ್ಕಳು. ನಗುತ್ತಲೇ ಬಡಿಸಿದಳು.

ಸಂಜೆ ಅವಳಿಗೆ ಮಾನೇಸರಿನಿಂದ ಫೋನ್ ಬಂತು. ಪುಣೆಯವರು ಇನ್ನೊಬ್ಬನನ್ನು ಮಾತಾಡಿಸಿ ಹೋದರಂತೆ. "ಕೋಯಿ ಬಾತ್ ನಹೀ ಸರ್," ಎನ್ನುತ್ತಿದ್ದಳು, "ಕೋಯಿ ಬಾತ್ ನಹೀ." ಫೋನಿಟ್ಟು ನನ್ನ ಹತ್ತಿರ ಬಂದು, "ನೀವು ಬೇಜಾರು ಮಾಡ್ಕೋಬೇಡಿ ಅತ್ತೆ," ಎಂದಳು.

ರೇಗಿದ್ದರೆ ವಾಸಿಯಿತ್ತು.

ಜನವರಿ 9, ಮಂಗಳವಾರ

ಮಂಜು. ಕೈ ನೋವು. ಬೇರೇನಿಲ್ಲ.

ಜನವರಿ 16, ಮಂಗಳವಾರ

ಸಂಕ್ರಾಂತಿ ಕಳೆಯಿತು. ಎಳ್ಳು ಬೀರಲು ಹರ್ಷಿಣಿಯನ್ನು ಕಳಿಸಿದ್ದೆ. ಆರ್.ಕೆ. ಪುರಂನ ಹಳೆಯ ಗೆಳತಿ ಸುಶೀಲಾ ಬಂದಿದ್ದಳು. ತಿಥಿಯ ಸಂಗತಿ ಅವಳಿಗೆ ಹೇಳಲಿಲ್ಲ. ಇವರು ಹೇಳಿಬಿಟ್ಟಾರೆಂದು ಇವರನ್ನು ಹಾಲು ತರಲು ಕಳಿಸಿದೆ.

ಅವಳು ಹೋದ ಮೇಲೆ ಇವರ ಮೇಲೆ ರೇಗಿದೆ. ಒಂದು ವಾರದಿಂದ ಒಳಗೇ ಇಟ್ಟುಕೊಂಡಿದ್ದೆ.

"ಹಿಂದಿನ ದಿನ ಉಪವಾಸ ಅಂದೆ, ಮಾಡಿದ್ರಿ. ಪಂಚೆ ಉಡಿ ಅಂದೆ, ಉಟ್ಟಿರಿ. ಇವತ್ತು ಹೌದೋ ಅಲ್ಲವೋ ಅಂತ ಒಂದು ಮಾತು ಕೇಳ್ಬಾರ್ದಿತ್ತೇ? ಹೋದೋರು ನಿಮ್ಮ ತಾಯಿ."

ಇವರು ಪೇಪರ್ ಮಡಿಸಿಟ್ಟರು. ಆಮೇಲೆ ಹೇಳಿದರು: "ಅಮ್ಮ ಹೋದ ಟೆಲಿಗ್ರಾಂ ಬಂದಾಗ ಆಫೀಸಲ್ಲಿ ಒಂದು ಡ್ರಾಫ್ಟ್ ಬರೀತಿದ್ದೆ, ಲೀಲಾ. ಅರ್ಧ ವಾಕ್ಯಕ್ಕೆ ಪೆನ್ ಇಟ್ಟು ಎದ್ದೆ. ಕರ್ಮ ಎಲ್ಲಾ ಮುಗಿಸ್ಕೊಂಡು ವಾಪಸ್ ಬಂದಾಗ ಆ ಹಾಳೆ ಮೇಜಿನ ಮೇಲೆ ಹಾಗೇ ಇತ್ತು. ಮುಂದೇನು ಬರೀಬೇಕು ಅಂತಿದ್ದೆ ಅನ್ನೋದು ಇವತ್ತಿಗೂ ನೆನಪಾಗಿಲ್ಲ. ತಿಥಿ ನೀನು ನೆನಪಿಟ್ಕೊಂಡೆ. ಅದಕ್ಕೇ ನಾನು ಬಿಟ್ಟೆ."

ಇಷ್ಟು ವರ್ಷದಲ್ಲಿ ಇದನ್ನು ನನಗೆ ಹೇಳಿರಲಿಲ್ಲ. ಇವರಿಗೆ ಶಾಲು ಹೊದಿಸಿ ಬಂದೆ.

ಒಂದು ಯೋಚನೆ ಮಾತ್ರ ಹೋಗುತ್ತಿಲ್ಲ. ನಾನು ತಪ್ಪಿದಾಗ ತಪ್ಪು ಎನ್ನಲು ಈ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ನಡೆಸಿದ್ದೇನೆ ಎಂದು ಹೆಮ್ಮೆಪಟ್ಟುಕೊಂಡವಳೂ ನಾನೇ.

ಜನವರಿ 24, ಬುಧವಾರ

ಸ್ಫೂರ್ತಿ ಮನೆಗೆ ಬಂದಾಗ ಮುಖ ಬೆಳಗಿತ್ತು. ಪುಣೆಯವರು ಇನ್ನೂ ಯಾರನ್ನೂ ಆರಿಸಿಲ್ಲವಂತೆ. ಇವಳನ್ನು ನೋಡದೆ ತೀರ್ಮಾನ ಮಾಡುವುದಿಲ್ಲ, ಫೆಬ್ರವರಿ ಏಳಕ್ಕೆ ಮತ್ತೆ ಬರುತ್ತೇನೆ, ಅದೇ ಕೊನೆ ಎಂದಿದ್ದಾರಂತೆ.

ಇವರು ಎದ್ದು ಒಳಗೆ ಹೋದರು. ಸ್ಟೂಲು ಎಳೆದ ಸದ್ದು ಕೇಳಿತು. ಪಂಚಾಂಗ ಹಿಡಿದು, ಕನ್ನಡಕ ಏರಿಸಿಕೊಂಡು ಹೊರಗೆ ಬಂದರು.

"ಅಮ್ಮನ ತಿಥಿನೂ ಏಳಕ್ಕೇ ಬಂದಿದೆ."

ಸ್ಫೂರ್ತಿ ಹ್ಯಾಂಡ್‌ಬ್ಯಾಗನ್ನು ಸೋಫಾದ ಮೇಲಿಟ್ಟಳು. "ಸರಿ ಬಿಡಿ. ಬರೋಕಾಗಲ್ಲ ಅಂತ ನಾಳೆ ಹೇಳ್ತೀನಿ."

ಮನೋಜ ಹೇಳಿದ, "ನೀನು ಹೋಗು. ಏನೇನು ಮಾಡ್ಬೇಕು ಹೇಳು, ಎಲ್ಲಾ ನಾನು ಮಾಡ್ತೀನಿ."

"ಹೇಳೋದ್ಯಾರು?" ಎಂದಳು. ಅವಳು ದನಿ ಏರಿಸುವವಳಲ್ಲ. "ಅಲ್ಲಿ ಅವರು ಪ್ರಶ್ನೆ ಕೇಳ್ತಿರುವಾಗ ನಾನು ಮೇಜಿನ ಕೆಳಗೆ ಫೋನ್ ಹಿಡ್ಕೊಂಡು, ಎಳ್ಳು ತಂದ್ಯಾ, ಬಾಳೆ ಎಲೆ ತಂದ್ಯಾ ಅಂತ ಕೇಳ್ತಿರ್ಬೇಕಾ? ನೀನು ಮಾಡೋದು ಮಾಡ್ತೀಯ ಮನೋಜ್. ಅದು ನನ್ನ ತಲೆಯಿಂದ ಇಳಿಯೋದೇ ಇಲ್ವಲ್ಲ. ಮಾವ, ನೀವು ಹೇಳಿ. ನಿಮ್ಮ ಆಫೀಸಲ್ಲಿ ಒಂದು ಫೈಲ್ ಒಬ್ಬರ ಹೆಸರಿಗೆ ಮಾರ್ಕ್ ಆದ್ಮೇಲೆ ಅದನ್ನ ಯಾರು ನೆನಪಿಟ್ಕೋತಿದ್ರು?"

"ಮಾರ್ಕ್ ಆದ್ಮೇಲೆ ಅವನದೇ ತಲೆನೋವು," ಎಂದರು ಇವರು ಥಟ್ಟನೆ. ಹೇಳಿದ ಮೇಲೆ ತಾವೇ ಮಗನ ಮುಖ ನೋಡಿದರು. ಆಮೇಲೆ ಪಂಚಾಂಗವನ್ನು ಅವನ ಕೈಯಲ್ಲಿಟ್ಟು, "ಹಾಗಾದ್ರೆ ಇದು ನನಗೂ ನಿನಗೂ ಮಾರ್ಕ್," ಎಂದರು.

"ನೀವಿಬ್ರೂ ಮಾರ್ಕ್ ಮಾಡ್ಕೊಂಡ್ರೆ ಆಯ್ತಾ? ಅಜ್ಜಿಯವರ ತಿಥಿಗೆ ಸೊಸೆ ಮನೇಲಿಲ್ಲ ಅಂದ್ರೆ..." ಎಂದು ಸ್ಫೂರ್ತಿ ಅಷ್ಟಕ್ಕೇ ನಿಲ್ಲಿಸಿದಳು. ಮೂವರೂ ನನ್ನ ಕಡೆ ತಿರುಗಿದರು.

ನಾನು ಎದ್ದು ಕೋಣೆಗೆ ಬಂದೆ. ನನ್ನ ಅತ್ತೆಯ ತಿಥಿಗೆ ನಾನು ಜ್ವರದಲ್ಲೂ ಮಡಿಯುಟ್ಟವಳು, ಮನೋಜ ಹೊಟ್ಟೆಯಲ್ಲಿದ್ದಾಗಲೂ ವಡೆ ತಟ್ಟಿದವಳು. ಯಾರೂ ನನ್ನನ್ನು ಎಲ್ಲಿಗೂ ಕರೆದಿರಲಿಲ್ಲ ಎಂಬುದೂ ನಿಜ.

ಜನವರಿ 29, ಸೋಮವಾರ

ಸ್ಫೂರ್ತಿ ಪುಣೆಯವರಿಗೆ ಇನ್ನೂ ಇಲ್ಲ ಎಂದಿಲ್ಲ. ನನ್ನನ್ನೂ ಕೇಳಿಲ್ಲ. ನಾನೂ ಹೇಳಿಲ್ಲ. ಇಬ್ಬರೂ ಮೆಂತ್ಯಸೊಪ್ಪು ಬಿಡಿಸಿದೆವು. ಒಂದೇ ಕೈಯಲ್ಲಿ ನಾನು ಅವಳಷ್ಟೇ ಬೇಗ ಬಿಡಿಸಿದೆ.

ಫೆಬ್ರವರಿ 3, ಶನಿವಾರ

ನಿನ್ನೆ ಪ್ಲಾಸ್ಟರ್ ತೆಗೆದರು. ಕೈ ಸಣ್ಣಗಾಗಿದೆ, ಆದರೆ ನನ್ನದೇ. ಇನ್ನು ನಾನು ಅಡುಗೆಮನೆಗೆ ಹೊಕ್ಕು ಎಲ್ಲವನ್ನೂ ಕೈಗೆ ತೆಗೆದುಕೊಳ್ಳುತ್ತೇನೆ ಎಂದು ಮನೆಯವರೆಲ್ಲ ಕಾಯುತ್ತಿದ್ದಾರೆ. ಮನೋಜನ ಮುಖದಲ್ಲಂತೂ ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಸಂತೋಷ.

ನಾನು ಹೊಗಲಿಲ್ಲ. ಬಿಸಿಲಿಗೆ ಕುಳಿತೆ.

ಬೆಳಿಗ್ಗೆ ಇವರಿಗೆ ಬಿಪಿ ಮಾತ್ರೆ ಕೊಡಲಿಲ್ಲ. ಕೊಡುವ ಹೊತ್ತಿಗೆ ಅಂಗೈ ತುರಿಸಿತು, ಆದರೂ ಕೊಡಲಿಲ್ಲ. ಪೇಪರ್ ಓದಿದರು, ಕಾಫಿ ಕುಡಿದರು, ಗೀಸರಿನ ಬಗ್ಗೆ ಗೊಣಗಿದರು. ಹತ್ತು ಗಂಟೆಯ ಮೇಲೆ ಬಂದು, "ಲೀಲಾ, ನನ್ನ ಮಾತ್ರೆ?" ಎಂದರು.

"ನಿಮ್ಮ ಮಾತ್ರೆ," ಎಂದೆ.

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋಗಿ ತೆಗೆದುಕೊಂಡರು. ನೀರಿನ ಲೋಟ ಅಲ್ಲೇ ಬಿಟ್ಟಿದ್ದಾರೆ. ಅದು ಇನ್ನೊಂದು ದಿನ.

ಫೆಬ್ರವರಿ 5, ಸೋಮವಾರ

ನಿನ್ನೆ ಭಾನುವಾರ ಅಪ್ಪ ಮಗ ಇಬ್ಬರೂ ಐಎನ್‌ಎ ಮಾರ್ಕೆಟ್ಟಿಗೆ ಹೋಗಿ ಬಾಳೆಕಾಯಿ, ಬಾಳೆ ಎಲೆ ತಂದರು. ಎಳ್ಳು ಬಿಳಿಯದು ತಂದಿದ್ದರು. ತಿಥಿಗೆ ಕರಿ ಎಳ್ಳು ಎಂದು ಹೇಳಲು ಬಾಯಿ ತೆರೆದವಳು ಆಕಳಿಸಿದಂತೆ ಮಾಡಿ ಮುಚ್ಚಿದೆ. ನಾಲಿಗೆ ಕಚ್ಚಿಕೊಂಡು ಕೂರುವುದಕ್ಕಿಂತ ನೂರು ವಡೆ ತಟ್ಟುವುದು ಸುಲಭ.

ಇವತ್ತು ಮಧ್ಯಾಹ್ನ ಇವರು ಪೊಟ್ಟಣ ಬಿಚ್ಚಿ ನೋಡಿ, ಮಗನ ಆಫೀಸಿಗೆ ಫೋನ್ ಮಾಡಿದರು. "ಮನೋಜಾ, ಎಳ್ಳು ಕರಿದು ಬೇಕು ಕಣೋ. ಇದು ರಿಮೈಂಡರ್ ಅಲ್ಲ, ನನ್ನದೂ ತಪ್ಪು. ನಾನೇ ಹೋಗಿ ತರ್ತೀನಿ." ಮಫ್ಲರ್ ಸುತ್ತಿಕೊಂಡು ಹೊರಟರು. ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕುತ್ತಿದ್ದರು. ತಾಯಿಯ ತಿಥಿಗೆ ಎಳ್ಳು ತರಲು ಹೋಗುವವರು ಶಿಳ್ಳೆ ಹಾಕಬಾರದು. ಅದನ್ನೂ ಹೇಳಲಿಲ್ಲ.

ಫೆಬ್ರವರಿ 7, ಬುಧವಾರ

ಮಧ್ಯಾಹ್ನ ಮೂರು ಗಂಟೆ. ಎಲ್ಲ ಮುಗಿದಿದೆ. ಇವರು ಮಲಗಿದ್ದಾರೆ, ಮನೋಜ ಒಲೆ ಒರೆಸುತ್ತಿದ್ದಾನೆ.

ನಿನ್ನೆ ಸಂಜೆ ಸ್ಫೂರ್ತಿ ಉದ್ದಿನಬೇಳೆಯ ಡಬ್ಬಿಗೆ ಕೈ ಹಾಕಿದಾಗ ಅದನ್ನು ಅವಳ ಕೈಯಿಂದ ತೆಗೆದಿಟ್ಟೆ. "ನಾಳೆ ನೀನು ಮನೇಲಿರಬೇಡ," ಎಂದೆ. ಅವಳಿಗೆ ಬೇರೆ ಅರ್ಥವಾಗಿರಬೇಕು, ಮುಖ ಸಣ್ಣಗಾಯಿತು. "ಮಾನೇಸರಿಗೆ ಹೋಗು. ಆ ನೀಲಿ ಸೀರೆ ಉಡು, ಅದರಲ್ಲಿ ನಿನ್ನ ಮಾತು ಜನ ಕೇಳ್ತಾರೆ," ಎಂದೆ. ಅವಳು ಅಳತೊಡಗಿದಳು. ನನಗೆ ಅದೆಲ್ಲ ಆಗುವುದಿಲ್ಲ. ಹರ್ಷಿಣಿಯ ಹೋಮ್‌ವರ್ಕ್ ನೋಡುತ್ತೇನೆಂದು ಎದ್ದುಬಂದೆ.

ಬೆಳಿಗ್ಗೆ ಮಂಜಿನಲ್ಲಿ ಕ್ಯಾಬ್ ಬಂದಾಗ ನಾನೇ ಕೆಳಗಿಳಿದು ಹತ್ತಿಸಿದೆ. ಸೊಸೈಟಿಯ ಹೆಂಗಸರು ಬಾಲ್ಕನಿಯಿಂದ ನೋಡುತ್ತಿದ್ದರು. ನೋಡಲಿ.

ಮನೋಜ ಭಟ್ಟರನ್ನು ಕೇಳಿ ಅಡುಗೆಯವರೊಬ್ಬರನ್ನು ಗೊತ್ತು ಮಾಡಿದ್ದ. ತಾನೂ ಮಡಿಯುಟ್ಟು ಅವರ ಜೊತೆ ಕೈಜೋಡಿಸಿದ. ನಮ್ಮ ಮನೆಯ ತಿಥಿಗೆ ಹೊರಗಿನ ಅಡುಗೆಯವರು ಬಂದದ್ದು ಇದೇ ಮೊದಲು. ಇಷ್ಟು ಕಾಲ ನನಗೆ ಆ ಉಪಾಯ ಏಕೆ ಹೊಳೆಯಲಿಲ್ಲವೋ. ಪಾಯಸ ತಳ ಹಿಡಿದ ವಾಸನೆ ಬಂತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡು ಕುಳಿತೆ. ಎಲೆಯ ತುದಿ ಯಾವ ಕಡೆ ಬರಬೇಕೆಂದು ಅಪ್ಪ ಮಗ ಪಿಸುಗುಟ್ಟುತ್ತಾ ಜಗಳವಾಡಿದರು. ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ಸರಿಯಾಗಿಯೇ ಹಾಕಿದರು.

ಕರೆದಾಗ ಹೋಗಿ ಇವರ ಕೈಗೆ ನೀರು ಹಾಕಿದೆ. ಸಂಕಲ್ಪದಲ್ಲಿ ಭಟ್ಟರು ತಿಥಿ ಎನ್ನುವ ಮೊದಲೇ ಇವರು, "ಮಾಘ ಮಾಸೇ, ಕೃಷ್ಣ ಪಕ್ಷೇ, ಪಂಚಮ್ಯಾಂ," ಎಂದರು. ಭಟ್ಟರು ತಲೆಯೆತ್ತಿ ನೋಡಿದರು. ನನ್ನ ಕೈಯ ನೀರು ಸ್ವಲ್ಪ ಹೊರಗೆ ಚೆಲ್ಲಿತು.

ಊಟದ ಹೊತ್ತಿಗೆ ಸ್ಫೂರ್ತಿಯ ಫೋನ್ ಬಂತು. "ಅತ್ತೆ, ಭಟ್ಟರು ಬಂದ್ರಾ? ಹರ್ಷಿಣಿ ಸ್ಕೂಲ್ ವ್ಯಾನಿಗೆ..."

"ನಿನ್ನ ಕೆಲಸ ಆಯ್ತಾ?"

"ಒಂದು ರೌಂಡ್ ಆಯ್ತು. ಚೆನ್ನಾಗೇ ಆಯ್ತು. ಊಟ ಆದ್ಮೇಲೆ ಇನ್ನೊಂದಿದೆ. ಅಲ್ಲಾ ಅತ್ತೆ, ವ್ಯಾನ್..."

"ಅದು ನಿನಗೆ ಮಾರ್ಕ್ ಆಗಿಲ್ಲ," ಎಂದು ಫೋನಿಟ್ಟೆ. ಕೆಲಸ ಸಿಗುತ್ತದೆಯೋ ಇಲ್ಲವೋ ಆ ಪುಣೆಯವರಿಗೆ ಬಿಟ್ಟದ್ದು. ಸಿಗದಿದ್ದರೆ ಅದು ಅವರ ಬುದ್ಧಿಯ ದೋಷ, ನಮ್ಮ ಮನೆಯದಲ್ಲ.

ಭಟ್ಟರು ದಕ್ಷಿಣೆ ಪಡೆದು ಹೊರಡುವಾಗ ಬಾಗಿಲಲ್ಲಿ ನಿಂತು ಮೊಬೈಲು ತೆಗೆದರು. "ಅಮ್ಮಾ, ಮುಂದಿನ ವರ್ಷ ತಿಥಿಗೆ ಮುಂಚೆ ನಾನೇ ಒಂದು ಫೋನ್ ಮಾಡ್ತೀನಿ. ಸೊಸೆಯವರ ನಂಬರ್ ಇದೆ ನನ್ನ ಹತ್ರ. ಅವರಿಗೇ ಮಾಡ್ಲೋ, ನಿಮಗೋ?"

ಹಿಂದೆ ಮನೋಜ ಎಂಜಲೆಲೆ ಎತ್ತುತ್ತಿದ್ದವನು ಕೈ ತಡೆದು ನಿಂತ.

ಇಬ್ಬರಿಗೂ ಬೇಡ ಎಂದೆ. ಮನೋಜನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿ ಬರೆಸಿದೆ. ಸ್ಫೂರ್ತಿಯ ನಂಬರನ್ನು ಅಳಿಸಿ ಎಂದೆ. ಅಳಿಸಿದರು. ನನ್ನದನ್ನೂ.